ದೈವದ ಕೋಣೆಯ ಮೇಲಿನ ಮಾಡು

ಗಂಡನ ಮನೆ ಬಿಟ್ಟು ಉರ್ವದ ತಾಯಿಮನೆಗೆ ಬಂದಾಗ ನನಗೆ ಸಿಕ್ಕಿದ್ದು ಉಪ್ಪರಿಗೆಯ ಕೋಣೆ. ಯಾರಿಗೂ ಬೇಡವಾದ ಕೋಣೆ ಅದು. ಓರೆಯಾದ ಮರದ ಮುಚ್ಚಿಗೆ, ಅದರ ಮೇಲೆ ಹಂಚಿನ ಮಾಡು. ಎಪ್ರಿಲ್ ಬಂತೆಂದರೆ ಒಳಗೆ ಕೂತವರು ಬೆಂದೇಹೋಗಬೇಕು. ಆದರೆ ಅದಕ್ಕೊಂದು ಬಾಗಿಲಿತ್ತು, ಬಾಗಿಲಿಗೆ ಒಳಗಿನಿಂದ ಚಿಲಕವಿತ್ತು. ನನ್ನ ಹೊಲಿಗೆ ಮೆಷಿನ್ನು, ನನ್ನ ನಿದ್ದೆ, ನನ್ನ ಅಳು ಎಲ್ಲ ಆ ಚಿಲಕದ ಒಳಗೆ.

ಕಳೆದ ಬೇಸಿಗೆಯಲ್ಲಿ ತಲೆ ಸುತ್ತಿ ಮೆಷಿನ್ನಿನ ಮೇಲೆಯೇ ಬಿದ್ದೆ. ಅಮ್ಮನ ಅಣ್ಣ, ನನ್ನ ಸೋದರಮಾವ, ಈ ಮನೆಯ ಯಜಮಾನ. ನಮ್ಮದು ಅಳಿಯಸಂತಾನ, ಮನೆ ಹೆಂಗಸರ ಸಾಲಿನಲ್ಲಿ ಬಂದರೂ ಯಜಮಾನಿಕೆ ಸೋದರಮಾವನದ್ದು. ಅವರು ಅಂದೇ ತೀರ್ಪು ಕೊಟ್ಟುಬಿಟ್ಟರು. "ಇನ್ನು ಕೆಳಗೆ ಚಾವಡಿಯಲ್ಲಿ ಮಲಗು. ಮೇಲಿನ ಕೋಣೆಗೆ ಬೀಗ ಹಾಕುವ." ಚಾವಡಿಯಲ್ಲಿ, ಬಂದುಹೋಗುವವರ ಕಾಲ ಬುಡದಲ್ಲಿ! ಸತ್ತರೂ ಇಲ್ಲ ಅಂದುಕೊಂಡೆ.

ಹಂಚಿನ ಕೆಲಸದವನನ್ನು ಕರೆಸಿದೆ. "ಮುಚ್ಚಿಗೆ ಒಡೀಲಿಕ್ಕೆ ಬೇಡ ಅಕ್ಕ. ಹಂಚು ತೆಗ್ದು ಮೇಲಿಂದ ಶೀಟ್ ಇಡುವ" ಅಂದ. ಬಿಜೈಯ ಅಂಗಡಿಯಿಂದ ಕಾವು ತಡೆಯುವ ಬೆಳ್ಳಿ ಹೊಳಪಿನ ಫೋಮ್ ಶೀಟನ್ನು ಸ್ಕೂಟರಿನಲ್ಲಿ ತಂದೆ. ಹಳೆಯ ಮನೆ, ಹಂಚು ಹೊರುವ ಮರದ ಪಕ್ಕಾಸುಗಳ ನಡುವಿನ ಅಂತರ ಒಂದರಂತೆ ಒಂದಿಲ್ಲ. ಪ್ರತಿ ಸಂದಿಗೂ ಅಳತೆ ತೆಗೆದು, ರವಿಕೆಯ ತೋಳು ಕತ್ತರಿಸುವ ಹಾಗೆ ನಾನೇ ಕತ್ತರಿಸಿ ಕೊಟ್ಟೆ.

ಎಲ್ಲ ಮುಗಿಯಿತು, ಒಂದು ಮೂಲೆ ಬಿಟ್ಟು. ನನ್ನ ಕೋಣೆಯ ಗೋಡೆಯಾಚೆ ಮಾಡು ಹಾಗೆಯೇ ಇಳಿದು ಕೆಳಗಿನ ದೈವದ ಕೋಣೆಯನ್ನು ಮುಚ್ಚುತ್ತದೆ. ಆ ಇಕ್ಕಟ್ಟಿನಲ್ಲಿ ಸೇರಿದ ಬಿಸಿಯೇ ಹಲಗೆಯ ಸಂದಿಯಿಂದ ನನ್ನ ಮಂಚಕ್ಕೆ ಬರುವುದು. ಕೆಲಸದವ ಅಲ್ಲಿಗೆ ಕೈ ಹಾಕಲಿಲ್ಲ. "ಯಜಮಾನ್ರು ಬೇಡ ಅಂದಿದ್ದಾರೆ ಅಕ್ಕ. ದೈವದ ತಲೆ ಮೇಲೆ ಅದನ್ನೆಲ್ಲ ಹಾಕ್ಲಿಕ್ಕಿಲ್ಲವಂತೆ."

ನನಗೆ ಸಿಟ್ಟು ನೆತ್ತಿಗೇರಿತು. ಮರುದಿನ ಬೆಳಿಗ್ಗೆ ಶಾಲನ್ನು ಸೊಂಟಕ್ಕೆ ಬಿಗಿದು ಏಣಿ ಹತ್ತಿದೆ. ಹಂಚು ಒಂದೊಂದಾಗಿ ಎತ್ತಿಟ್ಟು, ಹೊಟ್ಟೆ ಅಡಿಯಾಗಿ ಮಲಗಿ, ಕೈಗೆ ಎಟುಕದ ಕಡೆ ಮಾವಿನಕಾಯಿ ಕೊಯ್ಯುವ ಕೋಲಿನಿಂದ ಶೀಟು ನೂಕಿದೆ. ಅಂಗಳದಲ್ಲಿ ಮಾವ ಬೊಬ್ಬೆ ಹಾಕಿದರು.

"ಇಳಿ ಕೆಳಗೆ! ಹೆಂಗಸಿನ ಕಾಲು ದೈವದ ತಲೆ ಮೇಲೆ! ಎಂತ ಮಾರಾಯ್ತಿ ಇದು?"

"ಮಳೆಗೆ ಮೊದಲು ಹಂಚು ಸರಿಮಾಡುವವ ಇಲ್ಲೇ ನಡೀತಾನಲ್ಲ ಮಾವ, ಅವನಿಗೆ ಕಾಲಿಲ್ವಾ?"

"ಅವ ಗಂಡಸು."

"ಮನೆ ಬಂದದ್ದು ಹೆಂಗಸರಿಂದ. ಅಜ್ಜಿಯಿಂದ ಅಮ್ಮನಿಗೆ, ಅಮ್ಮನಿಂದ ನನಗೆ. ಮಾಡು ಮಾತ್ರ ಗಂಡಸರದ್ದಾ?"

ಬಾವಿಕಟ್ಟೆಯ ಹತ್ತಿರ ನಿಂತಿದ್ದ ಅಮ್ಮ ಬಂದು ಏಣಿ ಹಿಡಿದುಕೊಂಡರು.

"ತಂಬಿಲದ ದಿನ ದೈವ ಕೇಳ್ತದೆ. ತಪ್ಪು ಅಂತ ಹೇಳಿದ್ರೆ ಆ ಕೋಣೆ ನಿಂಗಿಲ್ಲ" ಎಂದರು ಮಾವ.

"ಕೇಳಲಿ. ದೈವಕ್ಕೇ ಹೇಳ್ತೇನೆ."

ಮನೆಯ ದೈವಕ್ಕೆ ವರ್ಷಕ್ಕೊಮ್ಮೆ ಸಲ್ಲುವ ಆ ತಂಬಿಲ ಬಂದಾಗ, ಹೆಂಗಸರ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ನಿಂತೆ. ಮೈಮೇಲೆ ದೈವ ಬಂದ ಪಾತ್ರಿ ಬಾವಿಯ ನೀರಿನ ವಿಚಾರ ಕೇಳಿದ, ಮಾವನ ತಮ್ಮನ ಮಗಳ ಮದುವೆಯ ವಿಚಾರ ಕೇಳಿದ. ಮಾಡಿನ ಸುದ್ದಿಯೇ ಇಲ್ಲ! ಮಾವ ತಡೆಯಲಾರದೆ ತಾವೇ ದೂರು ಹೇಳಿದರು. ಪಾತ್ರಿ ನನ್ನತ್ತ ತಿರುಗಿದ.

"ಎಂತಕ್ಕೆ ಹತ್ತಿದ್ದು?"

"ಮೇಲೆ ನನಗೆ ಸೆಕೆ. ಕೆಳಗೆ ಕಿಟಕಿಯಿಲ್ಲದ ಕೋಣೆಯಲ್ಲಿ ದೈವಕ್ಕೂ ಸೆಕೆ. ಇಬ್ಬರಿಗೂ ಸೇರಿ ಹಾಕಿದೆ."

ಪಾತ್ರಿ ತಪ್ಪು ಎನ್ನಲಿಲ್ಲ, ಸರಿ ಎನ್ನಲೂ ಇಲ್ಲ. ಎಲ್ಲರಿಗೂ ಕೊಟ್ಟ ಹಾಗೆ ನನ್ನ ಅಂಗೈಗೂ ಗಂಧ ಹಾಕಿ ಮುಂದಕ್ಕೆ ಹೋದ.

ಮರುದಿನ ಮಧ್ಯಾಹ್ನ, ಉರಿಬಿಸಿಲಿನಲ್ಲಿ, ಚಾವಡಿಯಲ್ಲಿ ಕೂತಿದ್ದ ಮಾವನ ಮುಂದೆಯೇ ಮೆಟ್ಟಿಲು ಹತ್ತಿ ಹೋದೆ. ಬಾಗಿಲು ಎಳೆದುಕೊಂಡು, ಕೆಳಗಿನವರಿಗೂ ಕೇಳುವ ಹಾಗೆ ಚಿಲಕ ಹಾಕಿ ಮಲಗಿದೆ.