ಲಿವರ್ ಬಂದೂಕಿಗೆ ಸೋಮಣ್ಣ ಕೊಟ್ಟ ಮಾತು

ಹುಣಸೂರು ಬಸ್‌ಸ್ಟ್ಯಾಂಡಿನ ಹಿಂದೆ, ಗೊಬ್ಬರದಂಗಡಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡಂತಿರುವ ಹತ್ತಡಿ ಜಾಗದಲ್ಲಿ ಸೋಮಶೇಖರ್ ಕೂತು ಮೂವತ್ತು ವರ್ಷವಾಯಿತು. ಬೋರ್ಡಿನ ಮೇಲೆ ‘ಬಂದೂಕು ರಿಪೇರಿ, ಸರ್ಕಾರಿ ಪರವಾನಗಿ ಉಂಟು’ ಎಂದಿದೆ. ಊರಿಗೆಲ್ಲ ಅವನು ಸೋಮಣ್ಣ. ಹುಟ್ಟಿದ್ದು ಕೆ.ಆರ್. ನಗರದ ಕಡೆ, ಚುಂಚನಕಟ್ಟೆಯಲ್ಲಿ. ಮನೆಯವರೆಲ್ಲ ಭತ್ತದ ಗದ್ದೆಗಿಳಿದರೆ ಇವನೊಬ್ಬ ಪಂಪ್‌ಸೆಟ್ ಬಿಚ್ಚಿಟ್ಟುಕೊಂಡು ಬದುವಿನ ಮೇಲೆ ಕೂರುತ್ತಿದ್ದ. ಬಿಚ್ಚಿದ್ದನ್ನು ಮತ್ತೆ ಜೋಡಿಸುತ್ತಿದ್ದನಾದ್ದರಿಂದ ಅಪ್ಪ ಹೊಡೆಯಲಿಲ್ಲ; ಜೋಡಿಸಿದ ಮೇಲೂ ಒಂದೆರಡು ನಟ್ಟು ಮಿಗುತ್ತಿದ್ದುದರಿಂದ ಹೊಗಳಲೂ ಇಲ್ಲ. ಮುಂದೆ, ಮಿಲಿಟರಿಯಲ್ಲಿ ಬಂದೂಕು ಸರಿಮಾಡುತ್ತಿದ್ದು ನಿವೃತ್ತನಾಗಿ ಹುಣಸೂರಿಗೆ ಬಂದಿದ್ದ ಹವಾಲ್ದಾರನೊಬ್ಬ ಎಂಟು ವರ್ಷ ಪಕ್ಕದಲ್ಲಿ ಕೂರಿಸಿಕೊಂಡು, ನಟ್ಟು ಮಿಗದ ಹಾಗೆ ಜೋಡಿಸುವುದನ್ನು ಕಲಿಸಿದ.

ಗಿರಾಕಿ ಬಾಗಿಲಲ್ಲಿ ಕಾಲಿಟ್ಟ ಕೂಡಲೇ ಸೋಮಣ್ಣನಿಗೆ ಕಥೆ ಗೊತ್ತಾಗುತ್ತದೆ. ಎಚ್.ಡಿ. ಕೋಟೆಯವನು ಬಂದೂಕು ತಂದರೆ ಹಂದಿ ಕಾಟ. ಪಿರಿಯಾಪಟ್ಟಣದವನು ತಂದರೆ ಶುಂಠಿ ಹೊಲದ ಕಾವಲು. ಕೆ.ಆರ್. ನಗರದವನು ತಂದರೆ ಅಣ್ಣತಮ್ಮಂದಿರ ಪಾಲು ಆಗಿದೆ, ಹಸು ದೊಡ್ಡವನಿಗೆ ಹೋಗಿ ಬಂದೂಕು ಇವನ ಪಾಲಿಗೆ ಬಂದಿದೆ. ಕೊಡಗಿನವನು ತಂದರೆ ಕಾರಣವೇ ಬೇಕಿಲ್ಲ. ಚುನಾವಣೆ ಮುಗಿದ ಮರುತಿಂಗಳು ಸೋಮಣ್ಣನಿಗೆ ಸುಗ್ಗಿ. ಸ್ಟೇಷನ್ನಿನಲ್ಲಿ ಒಪ್ಪಿಸಿದ ಬಂದೂಕುಗಳೆಲ್ಲ ತಿಂಗಳುಗಟ್ಟಲೆ ಗೋಡೆಗೊರಗಿ ತುಕ್ಕು ಹಿಡಿಸಿಕೊಂಡು ವಾಪಸ್ ಬರುತ್ತವೆ. ಪ್ರಜಾಪ್ರಭುತ್ವದಿಂದ ಲಾಭ ಕಂಡವರ ಪಟ್ಟಿಯಲ್ಲಿ ಅವನ ಹೆಸರನ್ನೂ ಸೇರಿಸಬಹುದು.

ಆದರೆ ಅಂಗಡಿ ನಿಂತಿರುವುದು ತುಕ್ಕಿನ ಮೇಲಲ್ಲ, ಮಾತಿನ ಮೇಲೆ. ಸೋಮಣ್ಣ ಗ್ಯಾರಂಟಿ ಚೀಟಿ ಬರೆದುಕೊಡುವವನಲ್ಲ. ಸರಿಮಾಡಿದ ಬಂದೂಕನ್ನು ಬಿಳಿಕೆರೆಯ ಆಚೆ ಶೂಟಿಂಗ್ ಕ್ಲಬ್‌ನವರು ಪರವಾನಗಿ ಪಡೆದಿರುವ ಹಳೇ ಕಲ್ಲುಕ್ವಾರಿಗೆ ಒಯ್ದು, ಯಜಮಾನನ ಕಣ್ಣೆದುರು ತನ್ನ ಭುಜಕ್ಕೇ ಇಟ್ಟು ಐದು ಗುಂಡು ಹಾರಿಸುತ್ತಾನೆ. ಆಮೇಲೆ ‘ಕೈ ಕೊಡೋದಿಲ್ಲ’ ಎನ್ನುತ್ತಾನೆ. ಆ ಎರಡು ಪದಕ್ಕಾಗಿಯೇ ಜನ ಮೂರು ತಾಲೂಕು ದಾಟಿ ಬರುತ್ತಾರೆ. ತಾನೇ ಮುಂದೆ ನಿಂತು ಹೊಡೆದವನ ಮಾತನ್ನು ಯಾರು ನಂಬುವುದಿಲ್ಲ?

ಆ ಮಾತಿಗೆ ಕಳೆದ ವರ್ಷ ಪಿರಿಯಾಪಟ್ಟಣದ ಆಚೆಯ ಕೊಪ್ಪದಲ್ಲಿ ಏಟು ಬಿತ್ತು.

ಕೊಪ್ಪದ ಯುವಕ ಸಂಘದವರು ಪೊಲೀಸರ ಅನುಮತಿ ಪಡೆದು ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ ಇಟ್ಟಿದ್ದರು. ಸಾಲಾಗಿ ಐದು ಕಾಯಿ, ಐದು ಗುಂಡು, ಒಂದು ನಿಮಿಷ. ಪಿರಿಯಾಪಟ್ಟಣದ ಹತ್ತಿರದ ಹಳ್ಳಿಯ ನಂಜುಂಡಸ್ವಾಮಿ, ನಲವತ್ತೈದರ ಶುಂಠಿ ಬೆಳೆಗಾರ, ತಾತನ ಕಾಲದ ಲಿವರ್ ಬಂದೂಕು ಹಿಡಿದು ನಿಂತ. ಟ್ರಿಗರಿನ ಕೆಳಗಿರುವ ಹಿಡಿಯನ್ನು ಕೆಳಕ್ಕೆ ಎಳೆದರೆ ಖಾಲಿ ತೋಟಾ ಹೊರಗೆ ಹಾರುತ್ತದೆ, ಮೇಲಕ್ಕೆ ತಂದರೆ ಹೊಸದು ಒಳಗೆ ಕೂರುತ್ತದೆ, ಅದೇ ಲಿವರ್. ಆ ಕಡೆಗೆಲ್ಲ ಅಂಥದ್ದು ಅದೊಂದೇ. ಬೇಟೆಗೆಂದು ಹುಟ್ಟಿದ್ದು, ಕಾನೂನು ಬೇಟೆ ನಿಲ್ಲಿಸಿ ಐವತ್ತು ವರ್ಷವಾದ ಮೇಲೆ ಅದಕ್ಕೆ ತೆಂಗಿನಕಾಯಿ ಬಿಟ್ಟರೆ ಬೇರೆ ವೈರಿಯಿಲ್ಲ. ಮೊದಲ ಗುಂಡು ಇಡೀ ಕೊಪ್ಪ ನಡುಗುವಂತೆ ಹಾರಿತು. ಎರಡನೆಯದಕ್ಕೆ ಲಿವರ್ ಎಳೆದರೆ ಬರಲೇ ಇಲ್ಲ. ನಿಮಿಷ ಮುಗಿಯಿತು. ನಾಲ್ಕು ಕಾಯಿ ಹಾಗೇ ನೇತಾಡುತ್ತಿದ್ದವು.

ಮೈಕ್ ಹಿಡಿದಿದ್ದವನು ಮಹೇಶ್ಕುಮಾರ್. ಕೊಪ್ಪದಲ್ಲಿ ಟಿಲ್ಲರ್ ಬಿಡಿಭಾಗದ ಅಂಗಡಿ ಅವನದು, ನಾಲಿಗೆಗೆ ಮಾತ್ರ ಬಿಡುವಿಲ್ಲ.

“ನೋಡ್ರಪ್ಪಾ! ಉಣಸೂರ್ ಸೋಮಣ್ಣೋರು ಕೈ ಕೊಡೋದಿಲ್ಲ ಅಂದಿದ್ ಬಂದೂಕು ಇದೇ ಕಣ್ರಪ್ಪಾ! ಸತ್ಯವಾದ ಮಾತು. ತೆಂಗಿನ್‌ಕಾಯ್‌ಗೆ ಕೈ ಕೊಡ್ಲಿಲ್ಲ, ನಂಜುಂಡಣ್ಣಂಗ್ ಕೊಡ್ತು!”

ಜನ ಬಿದ್ದು ಬಿದ್ದು ನಕ್ಕರು. ಬಂದೂಕು ಕೆಟ್ಟವರಿಗೆ ಮುಂದಿನ ಭಾನುವಾರ ಇನ್ನೊಂದು ಅವಕಾಶವೆಂದು ಸಂಘದವರು ಸಾರಿದರು. ನಗು ಮಾತ್ರ ಮುಂದಿನ ಭಾನುವಾರದವರೆಗೆ ಕಾಯಲಿಲ್ಲ, ಸಂಜೆಯ ಬಸ್ಸಿಗೇ ಹತ್ತಿ ಹುಣಸೂರಿಗೆ ಬಂತು. ಸೋಮವಾರ ಬೆಳಿಗ್ಗೆ ಗೊಬ್ಬರದಂಗಡಿಯವನೇ “ಏನಣ್ಣ, ಕೊಪ್ಪದಾಗ್ ಕಾಯ್ ಒಡೀಲಿಲ್ವಂತೆ?” ಎಂದು ಕೇಳಿದ. ರಿಪೇರಿಗೆ ಬಿಟ್ಟಿದ್ದ ಇಬ್ಬರು ಬಂದು, “ಅರ್ಜೆಂಟ್ ಇಲ್ಲ ಬುಡಿ” ಎನ್ನುತ್ತ ಬಿಚ್ಚದೆಯೇ ವಾಪಸ್ ಒಯ್ದರು.

ಮಂಗಳವಾರ ನಂಜುಂಡಸ್ವಾಮಿ ಬಂದೂಕನ್ನು ದುಪ್ಪಟಿಯಲ್ಲಿ ಸುತ್ತಿಕೊಂಡು ಬಂದ. ಬೈಯಬೇಕೆಂದು ಬಂದಿದ್ದ, ಸೋಮಣ್ಣನ ಮುಖ ನೋಡಿ ಬೆಂಚಿನ ತುದಿಯಲ್ಲಿ ಕೂತ.

“ಅನ್ನೆರಡು ವರ್ಸದಿಂದೆ ನೀವೇ ಏಳಿದ್ದು ಸೋಮಣ್ಣ. ಕೈ ಕೊಡೋದಿಲ್ಲ ಅಂದ್ರಿ.”

“ಅಂದಿದ್ದೆ. ಯಾವ್ ಗುಂಡಾಕಿದ್ದೆ?”

ನಂಜುಂಡಸ್ವಾಮಿ ಜೇಬಿನಿಂದ ಒಂದನ್ನು ತೆಗೆದಿಟ್ಟ. ಲೈಸೆನ್ಸಿನಲ್ಲಿ ಬರೆದ ಅಳತೆಯದೇ, ಆದರೆ ಮದ್ದು ಜಾಸ್ತಿ, ಗುಂಡಿನ ತೂಕ ಜಾಸ್ತಿ. ಡಬ್ಬದ ಮೇಲೆ ಹೆವಿ ಮ್ಯಾಗ್ನಮ್ ಎಂದು ಬರೆದಿರುವ ಜಾತಿ.

“ತೆಂಗಿನ್‌ಕಾಯ್‌ಗೆ ಇದ್ಯಾಕಪ್ಪ? ಅದೇನ್ ಎದುರು ಬತ್ತದಾ?”

“ಸದ್ದು ನಾಕ್ ಜನಕ್ ಕೇಳ್ಬೇಡ್ವಾ ಸೋಮಣ್ಣ.”

ಸೋಮಣ್ಣ ನಗಲಿಲ್ಲ. ಹನ್ನೆರಡು ವರ್ಷದ ಹಿಂದೆ ಬಿಳಿಕೆರೆ ಕ್ವಾರಿಯಲ್ಲಿ ತಾನು ಹಾರಿಸಿದ ಐದೂ ಸಾದಾ ಗುಂಡು ಎಂಬುದು ಆಗ ಅವನ ತಲೆಗೆ ಬಂತು. ಭಾರಿ ಗುಂಡನ್ನು ಅವನು ಹಾಕಿಯೇ ನೋಡಿರಲಿಲ್ಲ, ಹಾಕಿ ನೋಡಿದವನ ಗತ್ತಿನಲ್ಲಿ ಮಾತು ಮಾತ್ರ ಕೊಟ್ಟಿದ್ದ. ಲಿವರ್ ಬಂದೂಕು ಭಾರಿ ಗುಂಡು ತಡೆಯುವುದಿಲ್ಲ ಎಂದು ಕೈ ತೊಳೆದುಕೊಳ್ಳಬಹುದಿತ್ತು. ಹೇಳಿದ್ದರೆ ನಂಜುಂಡಸ್ವಾಮಿ ನಂಬುತ್ತಿದ್ದ, ಮಾರಿಯೂ ಬಿಡುತ್ತಿದ್ದ. ಆದರೆ ಆಗ ಹನ್ನೆರಡು ವರ್ಷದ ಹಿಂದಿನ ಮಾತು ಸುಳ್ಳೆಂದು ಒಪ್ಪಿದ ಹಾಗೆ, ಮತ್ತು ಒಂದು ಮಾತು ಸುಳ್ಳಾದ ಅಂಗಡಿಯಲ್ಲಿ ಮಿಕ್ಕ ಮಾತುಗಳಿಗೆ ಗಿರಾಕಿ ಇರುವುದಿಲ್ಲ.

“ಬುಟ್ಟೋಗು. ಶನಿವಾರ ಬಿಳಿಕೆರೆಗ್ ಬಾ,” ಎಂದ.

ಬಿಚ್ಚಿದಾಗ ತುಕ್ಕು ಕಾಣಲಿಲ್ಲ. ಸ್ಪ್ರಿಂಗ್ ಗಟ್ಟಿ, ತೋಟಾ ಹಿಡಿದೆಳೆಯುವ ಕೊಕ್ಕೆ ಹೊಸತರಂತಿತ್ತು. ಆದರೆ ನಳಿಗೆಯ ಬುಡದಲ್ಲಿ, ಗುಂಡು ಹೋಗಿ ಕೂರುವ ಗೂಡಿನಲ್ಲಿ, ಬಟ್ಟೆ ತೂರಿಸಿ ತೆಗೆದರೆ ಬೂದುಬಣ್ಣದ ಅಂಟು ಬಂತು. ಬೆರಳಲ್ಲಿ ಉಜ್ಜಿದ. ಮೂಸಿದ. ಹರಳೆಣ್ಣೆ. ಅದರ ಜೊತೆಗೆ ಇನ್ನೊಂದು, ದಿನಾ ಬೆಳಿಗ್ಗೆ ಅವನೇ ಹಣೆಗೆ ಹಚ್ಚಿಕೊಳ್ಳುವಂಥದು.

ಬುಧವಾರ ಅಂಗಡಿ ಮುಚ್ಚಿ ನಂಜುಂಡಸ್ವಾಮಿಯ ಹಳ್ಳಿಗೆ ಹೋದ. ನಂಜುಂಡಸ್ವಾಮಿಯ ತಾಯಿ ಪ್ರೇಮಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದಳು. ಹಣೆಯ ತುಂಬ ಮೂರೆಳೆ ವಿಭೂತಿ.

“ಬಾ ಸೋಮಣ್ಣ. ಬಂದೂಕ್ ಕೆಡಿಸ್ಬುಟ್ಯಂತೆ?”

“ಅದ್ನೇ ಕೇಳಕ್ ಬಂದೆ ಪ್ರೇಮಕ್ಕ. ಪೂಜೆ ಎಂಗ್ ಮಾಡ್ತೀರಿ ಅದ್ಕೆ?”

ಪ್ರೇಮಮ್ಮ ಹೆಮ್ಮೆಯಿಂದ ಹೇಳಿದಳು. ಆಯುಧಪೂಜೆಗೆ ಒಂದು ದಿನವೆಂಬುದು ಬೇರೆಯವರ ಮನೆಯಲ್ಲಿ. ಇವರ ಮನೆಯಲ್ಲಿ ಪ್ರತಿ ಸೋಮವಾರ. ಹರಳೆಣ್ಣೆಯಲ್ಲಿ ಒರೆಸಿ ವಿಭೂತಿ ಇಡುತ್ತಾಳೆ. “ಮೇಲ್ ಮೇಲೆ ಅಲ್ಲ ಕಣಪ್ಪ. ಹಿಡಿ ಕೆಳಕ್ ಎಳೆದು, ಬಾಯ್ ಬಿಡ್ಸಿ, ಒಳಗೂವೆ ಮೂರೆಳೆ ಎಳೀತೀನಿ. ಗುಂಡು ಕೂರೋ ಜಾಗ್ವೇ ಅದ್ರ ಗರ್ಭಗುಡಿ ಅಲ್ವಾ? ನಮ್ಮಾವ ಇದ್ದಾಗಿಂದ್ಲೂ ಮಾಡ್ತಿವ್ನಿ. ಒಂದಿನ ಕೈ ಕೊಟ್ಟಿಲ್ಲ.”

ಸೋಮಣ್ಣನಿಗೆ ಎಲ್ಲ ತಿಳಿಯಿತು. ಸಾದಾ ಗುಂಡು ಹಾರಿದಾಗ ಅದರ ತೋಟಾ ಸ್ವಲ್ಪವೇ ಉಬ್ಬುತ್ತದೆ. ಭಸ್ಮದ ಅಂಟಿದ್ದರೂ ಹೇಗೋ ಈಚೆ ಬರುತ್ತದೆ. ಭಾರಿ ಗುಂಡಿನದು ಗೂಡಿನ ಗೋಡೆಗೆ ಒತ್ತಿಕೊಂಡು ಉಬ್ಬುತ್ತದೆ. ಗೋಡೆಗೆ ಭಸ್ಮ ಮೆತ್ತಿದ್ದರೆ ಸಿಮೆಂಟಿಗೆ ಸಿಕ್ಕಂತೆ ಸಿಕ್ಕಿಕೊಳ್ಳುತ್ತದೆ, ಲಿವರಿಗೆ ಅದನ್ನು ಕಿತ್ತು ತೆಗೆಯುವ ತಾಕತ್ತಿಲ್ಲ. ಎಣ್ಣೆ ಇನ್ನೊಂದು ಕೇಡು, ಜಾರಿದ ತೋಟಾ ಗೂಡನ್ನು ಹಿಂದಿನಿಂದ ಮುಚ್ಚುವ ಬೀಗಕ್ಕೆ ಹೆಚ್ಚು ಗುದ್ದುತ್ತದೆ.

ತಿಳಿಯುವುದು ಒಂದು, ವಿಭೂತಿಯೇ ಕಾರಣವೆಂದು ಒಬ್ಬ ಶಿವಭಕ್ತೆಗೆ ಇನ್ನೊಬ್ಬ ಶಿವಭಕ್ತ ಹೇಳುವುದು ಇನ್ನೊಂದು. ಸೋಮಣ್ಣ ಒಂದು ಲೋಟ ಕಾಫಿ ಮುಗಿಯುವವರೆಗೂ ಯೋಚಿಸಿದ.

“ಪ್ರೇಮಕ್ಕ, ನೀವ್ ವಿಭೂತಿ ಎಲ್ಲಿಡ್ತೀರಿ?”

“ಹಣೆಗೆ, ತೋಳ್ಗೆ, ಎದೆಗೆ.”

“ಗಂಟ್ಲಿಗೆ?”

“ಮೇಲಿಡ್ತೀನಿ.”

“ಒಳಗೆ?”

ಪ್ರೇಮಮ್ಮ ಅವರೆಕಾಯಿ ಕೈಯಲ್ಲೇ ಹಿಡಿದು ಅವನನ್ನು ದುರುಗುಟ್ಟಿ ನೋಡಿದಳು. “ಉಸ್ರು ಕಟ್ಟಾಕಿಲ್ವಾ?”

“ಅದುಕ್ಕೂ ಅಂಗೇ ಉಸ್ರು ಕಟ್ಟೈತೆ ಕಣಕ್ಕ.”

ಸ್ವಲ್ಪ ಹೊತ್ತು ಕಾಯಿ ಸುಲಿದಳು. “ಅಂಗಾದ್ರೆ ಎಲ್ಲಿಡ್ಲಿ?”

“ಮರದ್ ಹಿಡಿ ಮೇಲಿಡಿ. ಅದೇ ಅದ್ರ ಹಣೆ. ಎಣ್ಣೆ ಮಾತ್ರ ನಾನ್ ಕೊಡ್ತೀನಿ, ನಾನೇಳಿದ್ ಕಡೆ ಆಕಿ.”

“ಹಿಡಿ ಹಣೆ ಅಂತೀಯ. ಭುಜಕ್ ಇಡೋದು ಹಿಡಿ. ಹಣೆ ಇಟ್ಟು ಗುದ್ದಾಡೋದು ಟಗರು ಕಣೋ,” ಎಂದು ಪ್ರೇಮಮ್ಮ ಗೊಣಗಿದಳು. ಆದರೆ ಒಪ್ಪಿದಳು.

ಶನಿವಾರ ಬಿಳಿಕೆರೆ ಕ್ವಾರಿಯಲ್ಲಿ ಸೋಮಣ್ಣ, ಗೂಡು ಒರೆಸಿ ಒಣಗಿಸಿದ ಬಂದೂಕನ್ನು ಭುಜಕ್ಕಿಟ್ಟು, ಐದು ಭಾರಿ ಗುಂಡು ಹಾರಿಸಿದ. ಐದೂ ಸರಾಗ. ಭುಜ ಬದನೆಕಾಯಿ ಬಣ್ಣಕ್ಕೆ ತಿರುಗಿದ್ದು ಮನೆಯಲ್ಲಿ ಅಂಗಿ ತೆಗೆದಾಗಲೇ ಗೊತ್ತಾಗಿದ್ದು. “ಈಗ್ ನೀನೊಡಿ,” ಎಂದು ನಂಜುಂಡಸ್ವಾಮಿಗೆ ಕೊಟ್ಟ.

ಎರಡು ಗುಂಡು ಹಾರಿದವು. ಮೂರನೆಯದು ಗೂಡಿನ ಬಾಯಲ್ಲಿ ಅಡ್ಡ ನಿಂತಿತು.

ಸೋಮಣ್ಣ ಹತ್ತಿರ ಹೋಗಿ ಮೆಲ್ಲಗೆ ಬಿಡಿಸಿದ. ಗೂಡು ಚೊಕ್ಕಟವಾಗಿಯೇ ಇತ್ತು. ಮತ್ತೆ ಹೊಡೆಸಿದ. ಈ ಸಲ ಬಂದೂಕು ನೋಡದೆ ನಂಜುಂಡಸ್ವಾಮಿಯ ಕೈ ನೋಡಿದ. ಪ್ರತಿ ಗುಂಡಿಗೂ ಮನುಷ್ಯ ಲಿವರನ್ನು, ಹಾಲು ಕುಡಿದು ಮಲಗಿದ ಕೂಸಿನ ಮುಷ್ಟಿ ಬಿಡಿಸುವ ಹಾಗೆ, ಅರ್ಧಕ್ಕೆ ಎಳೆದು ನಯವಾಗಿ ಮೇಲಕ್ಕೆ ತರುತ್ತಿದ್ದ.

“ಏನಪ್ಪ ನಂಜುಂಡ, ಲಿವರ್‌ಗೆ ನೋಯ್ತದೆ ಅಂತ್ಲಾ?”

“ತಾತಂದು ಸೋಮಣ್ಣ. ಪೂಜೆ ಮಾಡೋ ಸಾಮಾನು. ಎಂಗ್ ಎಳೆದಾಡ್ಲಿ?”

“ನಿನ್ ತಾತ ಇಂಗ್ ಎಳೆದಿದ್ರೆ ಹುಲಿ ಬಂದು ತಿಂದು, ನೀ ಹುಟ್ತಾನೇ ಇರ್ಲಿಲ್ಲ. ಸಾದಾ ಗುಂಡು ಗಿಡ್ಡ, ಅರ್ಧಕ್ ಎಳೆದ್ರೂ ಬಂದ್ಬುಡ್ತದೆ. ಇದು ಉದ್ದ. ಕೆಳಗೆ ಪೂರ್ತಿ ಹೋಗ್ಬೇಕು, ಟಕ್ ಅನ್ಬೇಕು. ಭಕ್ತಿ ಮನೇಲ್ ತೋರ್ಸು, ಇಲ್ಲಿ ಬಾವಿ ಹಗ್ಗ ಜಗ್ಗೋ ಅಂಗ್ ಜಗ್ಗು.”

ಸಂಜೆಯವರೆಗೆ ಖಾಲಿ ಬಂದೂಕಿನಲ್ಲಿ ಜಗ್ಗಿಸಿದ. ಪ್ರತಿ ಸಲವೂ ನಂಜುಂಡಸ್ವಾಮಿ ಬಾಯಲ್ಲೇ ‘ಶಿವ ಶಿವ’ ಎಂದು ಕ್ಷಮೆ ಕೇಳುತ್ತಿದ್ದ. ಕತ್ತಲಾಗುವ ಮೊದಲು ಏಳು ಗುಂಡು ಎಲ್ಲೂ ನಿಲ್ಲದೆ ಹೋದವು. ಹಿಂದಿರುಗುವ ಮುಂಚೆ ಸೋಮಣ್ಣ ತಿರುಪುಗಳನ್ನೆಲ್ಲ ನೋಡಿದ, ಎರಡು ಸಡಿಲವಾಗಿದ್ದವು. ಬಿಗಿದು, ಅದನ್ನೂ ಮನಸ್ಸಿನಲ್ಲಿಟ್ಟುಕೊಂಡ.

ಭಾನುವಾರ ಕೊಪ್ಪದಲ್ಲಿ ಹಿಂದಿನ ವಾರಕ್ಕಿಂತ ಎರಡು ಪಾಲು ಜನ. ಸ್ಪರ್ಧೆ ನೋಡಲು ಬಂದವರು ಕಡಿಮೆ, ಸೋಮಣ್ಣನ ಮುಖ ನೋಡಲು ಬಂದವರೇ ಹೆಚ್ಚು. ಮಹೇಶ್ಕುಮಾರ್ ಮೈಕಿನಲ್ಲಿ, “ಗ್ಯಾರಂಟಿ ಬಂದೂಕು ಇನ್ನೊಂದ್ ಸಲಿ ಬತ್ತಾ ಐತೆ!” ಎಂದು ಕೂಗಿದ. ನಂಜುಂಡಸ್ವಾಮಿ ನಿಂತ. ಹೊಡೆದ, ಜಗ್ಗಿದ. ಹೊಡೆದ, ಜಗ್ಗಿದ. ನಲವತ್ತು ಸೆಕೆಂಡಿನಲ್ಲಿ ಐದೂ ಭಾರಿ ಗುಂಡು ಮುಗಿದವು. ಮೂರು ಕಾಯಿ ಪುಡಿ. ಎರಡು ಕಾಯಿ ಗಾಳಿಗೆ ಅಲ್ಲಾಡಿದ್ದಷ್ಟೇ, ಅದಕ್ಕೆ ಬಂದೂಕು ಜವಾಬ್ದಾರಿಯಲ್ಲ. ಬಹುಮಾನ ಸುಂಟಿಕೊಪ್ಪದ ಯಾರಿಗೋ ಹೋಯಿತು.

ಮಹೇಶ್ಕುಮಾರ್ ಮೈಕನ್ನು ಸೋಮಣ್ಣನ ಮೂತಿಗೇ ಹಿಡಿದ. “ಏಳಿ ಸೋಮಣ್ಣೋರೆ. ಈಗ್ಲೂ ಕೈ ಕೊಡೋದಿಲ್ಲ ಅಂತೀರಾ?”

ಹೌದೆಂದಿದ್ದರೆ ಚಪ್ಪಾಳೆ ಬೀಳುತ್ತಿತ್ತು. ಸೋಮಣ್ಣ ಕೆಮ್ಮಿ ಗಂಟಲು ಸರಿಮಾಡಿಕೊಂಡ.

“ಅನ್ನೆರಡು ವರ್ಸದಿಂದೆ ಸಾದಾ ಗುಂಡು ಒಡೆದು ಎಲ್ಲಾ ಗುಂಡಿಗೂ ಮಾತ್ ಕೊಟ್ಟೆ. ಅದು ನನ್ ತಪ್ಪು. ಈಗ್ ಏಳ್ತೀನಿ ಕೇಳಿ. ಭಾರಿ ಗುಂಡಿಗೂ ಈ ಬಂದೂಕು ಕೈ ಕೊಡೋದಿಲ್ಲ, ಆದ್ರೆ ಗೂಡು ಒಣಗಿರ್‌ಬೇಕು, ಒಳಗ್ ಏನೂ ಮೆತ್ತಿರ್‌ಬಾರ್ದು, ಲಿವರ್ ಪೂರ್ತಿ ಎಳೀಬೇಕು, ಇಪ್ಪತ್ ಗುಂಡಿಗೊಂದ್ ಸಲಿ ತಿರುಪು ಬಿಗೀಬೇಕು. ದಿನಾ ಬೆಳಿಗ್ಗೆ ಭಾರಿ ಗುಂಡೇ ಒಡೀತೀನಿ ಅಂದ್ರೆ ಬೇರೆ ಬಂದೂಕ್ ತಗಳಿ, ಬೇರೆ ಭುಜ ತಗಳಿ.”

“ಇಷ್ಟುದ್ದ ಗ್ಯಾರಂಟಿ ನಮ್ ಟಿಲ್ಲರ್ ಕಂಪ್ನಿನೋರೂ ಕೊಡಾಕಿಲ್ಲ!” ಎಂದ ಮಹೇಶ್ಕುಮಾರ್. ಜನ ನಕ್ಕರು, ಈ ಸಲದ ನಗುವಿನಲ್ಲಿ ಸೋಮಣ್ಣನೂ ಪಾಲು ತೆಗೆದುಕೊಂಡ.

ಬುಧವಾರದ ಹೊತ್ತಿಗೆ, ಬಿಚ್ಚದೆ ಒಯ್ದಿದ್ದ ಇಬ್ಬರೂ ಬಂದೂಕು ವಾಪಸ್ ತಂದಿಟ್ಟು, ಹೋದ ವಾರ ಅರ್ಜೆಂಟ್ ಇರಲಿಲ್ಲ, ಈಗ ಬಂದಿದೆ ಎಂದರು. ಗುರುವಾರ ಮಹೇಶ್ಕುಮಾರನೇ ತನ್ನ ಮಾವನ ಹಳೇ ಜೋಡುನಳಿಗೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದ.

“ಸೋಮಣ್ಣೋರೆ, ಇದ್ಕೂ ಒಂದ್ ಮಾತು ಬೇಕಿತ್ತು. ಉದ್ದಂದೇ ಇರ್ಲಿ.”

“ಮೊದ್ಲು ಲೈಸೆನ್ಸ್ ಪುಸ್ತಕ ತೋರ್ಸು,” ಎಂದ ಸೋಮಣ್ಣ. “ಆಮೇಲ್ ಯಾವ್ ಯಾವ್ ಗುಂಡಾಕ್ತಾರೆ ನಿಮ್ಮಾವ, ಕೇಳ್ಕಂಡ್ ಬಾ. ಎಲ್ಲಾದ್ರಲ್ಲೂ ಐದೈದು ಒಡೆದ್ ಮೇಲೇ ನಾನ್ ಬಾಯ್ ಬುಡೋದು.”