ಮುಯಸ್ಸರಳ ಹನ್ನೊಂದು ಬೇಸಿಗೆ

ತಾಷ್ಕೆಂಟಿನ ಉತ್ತರದ ಅಂಚಿನಲ್ಲಿ ಒಂದು ಪುಟ್ಟ ಹವಾಮಾನ ಕೇಂದ್ರವಿದೆ. ಅಂಚು ಎಂದೆನೇ? ಅದು ಹಳೆಯ ಕಾಲದ ಮಾತು, ಬಿಡಿ. ಮುಯಸ್ಸರ್ ಅಲ್ಲಿ ಕೆಲಸಕ್ಕೆ ಸೇರಿದಾಗ ಬೇಲಿಯ ಆಚೆ ಏಪ್ರಿಕಾಟ್ ತೋಟವಿತ್ತು, ಕಾಲುವೆಯಿತ್ತು, ಮೂವತ್ತು ನಲವತ್ತು ಮಣ್ಣಿನ ಮನೆಗಳ ಕೇರಿಯಿತ್ತು. ಈಗ ಬೇಲಿಯ ಮೂರು ಬದಿಗೂ ಹನ್ನೆರಡು ಮಹಡಿಯ ಕಟ್ಟಡಗಳು. ಒಂದೊಂದು ಕಿಟಕಿಯ ಕೆಳಗೂ ಒಂದೊಂದು ಏಸಿ ಡಬ್ಬ, ಒಳಗಿನವರಿಗೆ ತಂಪು ಕೊಟ್ಟು ಸೆಖೆಯನ್ನೆಲ್ಲ ಬೀದಿಗೆ ಉಗಿಯುತ್ತ ಗುಂಯ್‌ಗುಡುತ್ತದೆ. ಮರ ಕಡಿದು ಕಾಂಕ್ರೀಟು ಸುರಿದವರು ಎಲ್ಲಿ ಹೋಗಿ ತಣ್ಣಗೆ ಮಲಗುತ್ತಾರೋ, ದೇವರಿಗೇ ಗೊತ್ತು.

ಮುಯಸ್ಸರಳಿಗೆ ಈಗ ಅರುವತ್ತು. ಗಂಡ ಹೋಗಿ ಹದಿನಾಲ್ಕು ವರ್ಷವಾಯಿತು, ಮಕ್ಕಳಿಲ್ಲ. ಕೇಂದ್ರದ ಹಿಂದಿನ ಎರಡು ಕೋಣೆಗಳೇ ಮನೆ. ಅಂಗಳದ ನಡುವೆ ಕಾಲುಗಳ ಮೇಲೆ ನಿಂತ ಬಿಳಿ ಮರದ ಪೆಟ್ಟಿಗೆ, ಅದರೊಳಗೆ ಥರ್ಮಾಮೀಟರು. ದಿನಕ್ಕೆ ಮೂರು ಸಲ ಪೆಟ್ಟಿಗೆಯ ಬಾಗಿಲು ತೆರೆದು, ಉಸಿರು ತಾಗದಂತೆ ಮುಖ ಹಿಂದಿಟ್ಟು, ಅಂಕಿ ಓದಿ ದಪ್ಪ ಪುಸ್ತಕದಲ್ಲಿ ಬರೆಯುವುದು ಅವಳ ಕೆಲಸ. ಇಪ್ಪತ್ತೊಂಬತ್ತು ವರ್ಷದಲ್ಲಿ ಜ್ವರ ಬಂದಾಗಲೂ, ಗಂಡನನ್ನು ಮಣ್ಣು ಮಾಡಿದ ದಿನವೂ ಒಂದು ಹೊತ್ತೂ ತಪ್ಪಿಸಿದವಳಲ್ಲ. ಮೊದಲೆಲ್ಲ ಅಂಕಿಯನ್ನು ಫೋನಿನಲ್ಲಿ ಓದಿ ಹೇಳಬೇಕಿತ್ತು. ಆ ಕಡೆಯವರು ಊಟ ಆಯಿತೇ ಎಂದಾದರೂ ಕೇಳುತ್ತಿದ್ದರು. ಈಗ ಮೊಬೈಲಿನಲ್ಲಿ ಅಂಕಿ ಒತ್ತಿದರೆ ಮುಗಿಯಿತು, ಯಾರ ದನಿಯೂ ಇಲ್ಲ.

ಕೇರಿ ಇದ್ದಾಗಿನ ಗಮ್ಮತ್ತೇ ಬೇರೆ. ನಮ್ಮ ಹೆಂಗಸರಿಗೆ ಬಾಗಿಲ ಮುಂದೆ ನೀರು ಚಿಮುಕಿಸಿ ಗುಡಿಸದೆ ಹೊತ್ತು ಹೋಗುವುದಿಲ್ಲ. ಕೈಯಲ್ಲಿ ಪೊರಕೆ, ಬಾಯಲ್ಲಿ ಊರ ಸುದ್ದಿ. ಯಾರ ಸೊಸೆ ಎಷ್ಟೊತ್ತಿಗೆ ಎದ್ದಳು, ಯಾರ ರೊಟ್ಟಿ ಸೀದಿತು, ಎಲ್ಲ ಅಲ್ಲೇ ತೀರ್ಮಾನ. ಕೇರಿಯನ್ನು ಕೆಡವಿದರು. ಹೆಂಗಸರು ಊರಿಗೊಬ್ಬರಾಗಿ ಚದುರಿಹೋದರು. ಹನ್ನೊಂದು ವರ್ಷದ ಹಿಂದಿನ ಆ ಬೇಸಿಗೆ, ಚಿಲ್ಲಾ ಎಂದು ನಾವು ಕರೆಯುವ ನಲವತ್ತು ದಿನದ ಕಡುಬಿಸಿಲಿನಲ್ಲಿ, ಮುಯಸ್ಸರ್ ಬೆಳಿಗ್ಗೆ ಒಮ್ಮೆ ಸಾಲದೆಂದು ಮಧ್ಯಾಹ್ನವೂ ಅಂಗಳಕ್ಕೆ ನೀರು ಹಾಕತೊಡಗಿದಳು. ಎರಡು ಗಂಟೆಯ ಓದಿಗೆ ಹೋಗುವ ಮುಂಚೆ ನಾಲ್ಕು ಬಕೆಟ್ಟು. ಪೆಟ್ಟಿಗೆಯ ಸುತ್ತ ನೆಲ ಒದ್ದೆ ಮಾಡಬಾರದೆಂಬ ನಿಯಮ ಗೊತ್ತಿತ್ತು, ಇಷ್ಟು ನೀರಿನಿಂದ ಏನಾದೀತು ಎಂದುಕೊಂಡಳು. ಕಾದ ಮಣ್ಣಿನಿಂದ ವಾಸನೆ ಎದ್ದರೆ ಕೇರಿಯವರೆಲ್ಲ ಇಲ್ಲೇ ಎಲ್ಲೋ ಇದ್ದಾರೆ ಅನ್ನಿಸುತ್ತಿತ್ತು. ಅಷ್ಟೇ ಅವಳ ಸುಖ.

ಈ ವರ್ಷ ಜೂನಿನಲ್ಲಿ ನಿಗೀನಾ ಬಂದಳು. ಇಪ್ಪತ್ತೆಂಟರ ಹುಡುಗಿ, ಕಟ್ಟಡಕ್ಕೆ ಎಷ್ಟು ತಂಪು ಬೇಕು, ಅದಕ್ಕೆ ಎಷ್ಟು ಕರೆಂಟು ಬೇಕು ಎಂದು ಗುಣಿಸಿ ಹೇಳುವ ಎಂಜಿನಿಯರು. ಪಕ್ಕದ ಹೊಸ ಕಟ್ಟಡಕ್ಕೆ ಯಂತ್ರ ಆರಿಸಿದವಳು ಅವಳೇ. ಅಲ್ಲಿ ಈಗ ಏಸಿಗಳು ಹಗಲೂ ರಾತ್ರಿ ನಿಲ್ಲದೆ ಓಡುತ್ತಿದ್ದವು, ಆದರೂ ಮನೆ ತಣ್ಣಗಾಗುತ್ತಿರಲಿಲ್ಲ. ಕರೆಂಟು ಅವಳು ಹೇಳಿದ್ದಕ್ಕಿಂತ ತುಂಬ ಹೆಚ್ಚು ಖರ್ಚಾಗುತ್ತಿತ್ತು. ಟ್ರಾನ್ಸ್‌ಫಾರ್ಮರು ಎರಡು ಸಲ ಸುಟ್ಟಿತ್ತು.

"ಜನ ನನ್ನ ಜನ್ಮ ಜಾಲಾಡ್ತಿದ್ದಾರೆ, ಖಾಲಾ. ಚಿಕ್ಕ ಯಂತ್ರ ಹಾಕಿಸಿದೆ ಅಂತ. ನಾನು ನಿಮ್ಮ ಪುಸ್ತಕದ ಅಂಕಿ ನೋಡೇ ಹಾಕಿಸಿದ್ದು," ಎಂದಳು ನಿಗೀನಾ. ಖಾಲಾ ಎಂದರೆ ನಮ್ಮಲ್ಲಿ ಚಿಕ್ಕಮ್ಮ.

"ನನ್ನ ಪುಸ್ತಕ ಸುಳ್ಳು ಹೇಳಲ್ಲ ಕಣೆ. ಕೂತ್ಕೋ ಮೊದಲು. ಕಡ್ಡಿ ಆಗಿದ್ದೀಯ, ನಿಮ್ಮಮ್ಮ ಊಟ ಹಾಕಲ್ವಾ?"

ಸೌತೆಕಾಯಿ, ಮೂಲಂಗಿ, ಸಬ್ಬಸಿಗೆ ಹಾಕಿ ಕಲಸಿದ ತಣ್ಣನೆಯ ಮಜ್ಜಿಗೆ ಸಾರು ಬಟ್ಟಲಿಗೆ ಬಿತ್ತು. ನಿಗೀನಾ ಎರಡು ಬಟ್ಟಲು ಕುಡಿದಳು. ಆಮೇಲೆ ಪ್ರತಿ ಗುರುವಾರ ಬಂದಳು. ಹಳೆಯ ಪುಸ್ತಕಗಳನ್ನು ಹರಡಿಕೊಂಡು ಅಂಕಿ ಬರೆದುಕೊಳ್ಳುತ್ತ ಅವಳು ಆಫೀಸಿನವರನ್ನು ಬೈಯುವುದು, ಮುಯಸ್ಸರ್ ಅದಕ್ಕೆ ಉಪ್ಪುಖಾರ ಹಚ್ಚುವುದು. ಮುದುಕಿ ಬುಧವಾರವೇ ರೊಟ್ಟಿ ತರತೊಡಗಿದಳು. ಇಷ್ಟು ವರ್ಷ ಬಾಯಿಗೆ ಬೀಗ ಹಾಕಿಕೊಂಡು ಹೇಗಿದ್ದೆನೋ ಎಂದು ಅವಳಿಗೇ ಆಶ್ಚರ್ಯ.

ಜುಲೈ ನಡುವಿನ ಒಂದು ಗುರುವಾರ ನಿಗೀನಾ ಅಂಗೈಯಗಲದ ಯಂತ್ರವೊಂದನ್ನು ತಂದು ಅಂಗಳದ ಮೇಜಿನ ಮೇಲಿಟ್ಟಳು. ಗಾಳಿಯ ಬಿಸಿಯನ್ನು ತೆರೆಯ ಮೇಲೆ ತೋರಿಸುವ ಯಂತ್ರ. ಅದನ್ನು ಇಟ್ಟು ಅವಳು ಫೋನು ಹಿಡಿದು ನೆರಳಿಗೆ ಹೋದಳು. ಎರಡು ಗಂಟೆಯಾಗುತ್ತಿತ್ತು. ಮುಯಸ್ಸರ್ ಎಂದಿನಂತೆ ನಾಲ್ಕು ಬಕೆಟ್ಟು ನೀರು ಚಿಮುಕಿಸಿ, ಪೆಟ್ಟಿಗೆಯತ್ತ ಹೋಗುವಾಗ ಸುಮ್ಮನೆ ಮೇಜಿನ ಕಡೆ ಕಣ್ಣು ಹಾಯಿಸಿದಳು. ನಲವತ್ಮೂರು ಎಂದು ತೋರಿಸುತ್ತಿದ್ದ ತೆರೆ ನೋಡನೋಡುತ್ತಿದ್ದಂತೆ ಇಳಿಯಿತು. ನಲವತ್ತೆರಡೂವರೆ. ನಲವತ್ತೆರಡು. ನಲವತ್ತೊಂದೂವರೆ.

ನಿಗೀನಾ ನೋಡಿದಳೇನೋ ಎಂದು ಅವಳು ನೆರಳಿನತ್ತ ತಿರುಗಿದಳು. ಕೈಗೆ ಸಿಕ್ಕ ಬಟ್ಟೆಯನ್ನು ಯಂತ್ರದ ಮೇಲೆಸೆದಳು.

"ಏನಾಯ್ತು ಖಾಲಾ?"

"ಚಹಾ ಚೆಲ್ಲೀತು ಅಂತ ಮುಚ್ಚಿದೆ."

ಆ ವಾರವೆಲ್ಲ ಅವಳು ಒಬ್ಬಳೇ ಪರೀಕ್ಷೆ ಮಾಡಿದಳು. ಒಂದು ದಿನ ನೀರು ಹಾಕಿದಳು, ಮರುದಿನ ಹಾಕಲಿಲ್ಲ, ಮತ್ತೆ ಹಾಕಿದಳು. ಬಿಸಿಲು ಆರು ದಿನವೂ ಒಂದೇ ಸಮ. ನೀರು ಹಾಕಿದ ದಿನ ಪೆಟ್ಟಿಗೆಯೊಳಗಿನ ಥರ್ಮಾಮೀಟರು ಒಂದೂವರೆ ಡಿಗ್ರಿ ಕಡಿಮೆ ತೋರಿಸಿತು. ಸುತ್ತ ತೋಟ, ಕಾಲುವೆ ಇದ್ದಾಗ ನಾಲ್ಕು ಬಕೆಟ್ಟು ನೀರು ಯಾವ ಲೆಕ್ಕ? ಈ ಕಾಂಕ್ರೀಟಿನ ಬಾಣಲೆಯಲ್ಲಿ ತಂಪಾಗಿದ್ದದ್ದು ಅವಳ ಅಂಗಳ ಒಂದೇ. ಊರು ಕಾದಿತ್ತು, ಅವಳ ಪುಸ್ತಕ ಕಾದಿರಲಿಲ್ಲ. ಹನ್ನೊಂದು ಬೇಸಿಗೆ ಅವಳು ಮಧ್ಯಾಹ್ನ ಬರೆದದ್ದೆಲ್ಲ ಆ ಒದ್ದೆ ನೆಲದ ಬಿಸಿ. ಅದನ್ನು ನಂಬಿಯೇ ನಿಗೀನಾ ಚಿಕ್ಕ ಯಂತ್ರ ಆರಿಸಿದ್ದು.

ಹೇಳಿದರೆ ಮುಗಿಯಿತು ಎಂದು ಅವಳಿಗೆ ಗೊತ್ತಿತ್ತು. ಪುಸ್ತಕವೂ ಹೋಯಿತು, ಗುರುವಾರವೂ ಹೋಯಿತು. ಇಂಥ ಮುದುಕಿಯ ಮನೆಗೆ ಆ ಹುಡುಗಿ ಇನ್ನೇಕೆ ಬಂದಾಳು? ಹೇಳದಿದ್ದರೆ ಯಾರಿಗೂ ತಿಳಿಯುವುದಿಲ್ಲ. ಮುಯಸ್ಸರ್ ಹೇಳದಿರಲು ನಿಜವಾಗಿಯೂ ಆಸೆಪಟ್ಟಳು. ನಾನು ಅವಳನ್ನು ದೊಡ್ಡ ಸತ್ಯವಂತೆಯನ್ನಾಗಿ ಮಾಡಲು ಹೋಗುವುದಿಲ್ಲ.

ಮುಂದಿನ ಗುರುವಾರ ನಿಗೀನಾ ಬಂದಾಗ ಅವಳ ಮುಖ ಬಾಡಿ ಹೋಗಿತ್ತು.

"ನಾಳೆ ವಿಚಾರಣೆ, ಖಾಲಾ. ಕೆಲಸದಿಂದ ತೆಗೀತಾರೆ. ಲೆಕ್ಕ ಹತ್ತು ಸಲ ಮಾಡಿದೆ, ಎಲ್ಲೂ ತಪ್ಪಿಲ್ಲ. ನನಗೇ ತಲೆ ಕೆಟ್ಟಿದೆಯೇನೋ ಅನ್ನಿಸ್ತಿದೆ. ಈ ಕೆಲಸ ನನಗೆ ಬರಲ್ಲ, ಬಿಟ್ಟುಬಿಡ್ತೀನಿ."

ಬಟ್ಟಲು ಮುಟ್ಟದೆ ಅವಳು ಅತ್ತಳು. ಮುಯಸ್ಸರಳಿಗೆ ತಡೆಯಲಾಗಲಿಲ್ಲ.

"ನಿನ್ನ ತಲೆ ಸರಿಯಾಗೇ ಇದೆ ಕಣೆ. ತಪ್ಪು ನಂದು."

ಹೇಳಿದಳು. ನೀರು, ಬಕೆಟ್ಟು, ಎರಡು ಗಂಟೆ, ಒಂದೂವರೆ ಡಿಗ್ರಿ, ಮೇಜಿನ ಮೇಲಿನ ಯಂತ್ರಕ್ಕೆ ಮುಚ್ಚಿದ ಬಟ್ಟೆ, ಒಂದನ್ನೂ ಬಿಡಲಿಲ್ಲ.

ನಿಗೀನಾ ಎದ್ದು ನಿಂತಳು. "ಹೋದ ವಾರವೇ ಗೊತ್ತಿತ್ತಾ?"

"ಗೊತ್ತಿತ್ತು."

"ನಾನು ಇಲ್ಲಿ ಕೂತು ಊಟ ಮಾಡಿ ಹೋದೆ, ಖಾಲಾ! ಏಳು ದಿನ ನಿದ್ದೆ ಮಾಡಿಲ್ಲ ನಾನು!"

ಮುಯಸ್ಸರ್ ಎದ್ದಳು. ಒಳಗೆ ಹೋಗಿ ಕೇಂದ್ರದ ಮೊಹರು, ಬಿಳಿ ಹಾಳೆ, ಆರು ದಿನದ ಪರೀಕ್ಷೆಯ ಅಂಕಿ ತಂದು ಮೇಜಿನ ಮೇಲಿಟ್ಟಳು. "ವಿಚಾರಣೆಗೆ ಕಾಗದ ಬರೆಯೋಕೆ ನನಗೆ ಬರಲ್ಲ. ನೀನೇ ಬರಿ, ಸಹಿ ಹಾಕ್ತೀನಿ."

ನಿಗೀನಾ ಹಾಳೆಯನ್ನು ತನ್ನತ್ತ ಎಳೆದುಕೊಂಡಳು. ಕೂತು ಪೆನ್ನು ತೆಗೆದಳು. "ಇದಿದ್ರೆ ನನ್ನ ಕೆಲಸ ಉಳಿಯುತ್ತೆ. ಆದರೆ ನಿಮ್ಮ ಹನ್ನೊಂದು ಬೇಸಿಗೆ ಹೊಡೆದುಹಾಕ್ತಾರೆ. ಗೊತ್ತಲ್ಲ?"

"ಗೊತ್ತು, ಬರಿ."

ಅವಳು ತಾರೀಖು ಬರೆದಳು, ಹೆಸರು ಬರೆದಳು, ಅಂಕಿಗಳನ್ನು ಇಳಿಸಿಕೊಂಡಳು. ಆಫೀಸಿನ ಪತ್ರ ಬರೆದು ಬರೆದು ಅಭ್ಯಾಸವಾದ ಕೈ, ಎಲ್ಲೂ ತಡವರಿಸಲಿಲ್ಲ.

"ಕಾರಣ ಅಂತ ಒಂದು ಸಾಲು ಬೇಕು. ನಿಯಮ ಗೊತ್ತಿದ್ದೂ ಯಾಕೆ ನೀರು ಹಾಕಿದ್ರಿ?"

ಮುಯಸ್ಸರ್ ಯೋಚಿಸಲಿಲ್ಲ. "ಒಬ್ಬಳೇ ಇದ್ದೆನಲ್ಲೇ, ಅದಕ್ಕೆ."

ಪೆನ್ನು ನಿಂತಿತು. ನಿಗೀನಾ ತಲೆ ಎತ್ತಿ ಅವಳನ್ನು ನೋಡಿದಳು, ಮತ್ತೆ ಹಾಳೆಯ ಕಡೆ ತಿರುಗಿದಳು.

"ಅದನ್ನ ಬರೆಯೋಕಾಗಲ್ಲ, ಖಾಲಾ. ಅವರು ಒಪ್ಪಲ್ಲ. 'ನಿರ್ಲಕ್ಷ್ಯ' ಅಂತ ಹಾಕ್ತೀನಿ. ಆಗಬಹುದಾ?"

ಇಪ್ಪತ್ತೊಂಬತ್ತು ವರ್ಷದಲ್ಲಿ ಆ ಮಾತನ್ನು ಯಾರೂ ಅವಳಿಗೆ ಅಂದಿರಲಿಲ್ಲ.

"ಹಾಕು ಮಗಳೇ," ಎಂದು ಮುಯಸ್ಸರ್ ಪೆನ್ನಿಗೆ ಕೈ ಚಾಚಿದಳು.