ಬಿಳಿಕಲ್ಲು ಅರಸರ ಬಳ್ಳಿ ಹಾಡುತ್ತಿದ್ದ ಚೌಡಪ್ಪ

ನಿಮ್ಮ ಮುತ್ತಜ್ಜನ ಅಪ್ಪನ ಹೆಸರು ಕೇಳಿದರೆ ನೀವು ತಲೆ ಕೆರೆದುಕೊಳ್ಳಬಹುದು, ನಿಮ್ಮ ಮನೆಯ ಹೆಳವ ಕೆರೆದುಕೊಳ್ಳುವುದಿಲ್ಲ. ಮೂರು ವರ್ಷಕ್ಕೊಮ್ಮೆ ಬೆಳಗ್ಗೆ ಬಂದು ಹೊಸ್ತಿಲ ಮುಂದೆ ನಿಂತು, ಮೂಲಪುರುಷನಿಂದ ತೊಟ್ಟಿಲ ಕೂಸಿನವರೆಗೆ ಒಂದೇ ಧಾಟಿಯಲ್ಲಿ ಹಾಡಿ, ಹೊಸದಾಗಿ ಹುಟ್ಟಿದವರ ಹೆಸರು ಪುಸ್ತಕಕ್ಕೆ ಸೇರಿಸಿ, ಕೊಟ್ಟ ಕಾಳುಕಡಿ ಕಟ್ಟಿಕೊಂಡು ಹೋಗುವುದು ಅವನ ಕಸುಬು. ಚೌಡಪ್ಪ ಅಂಥ ಹೆಳವ. ಅವನ ಹಿರಿಯರು ಎತ್ತಿನ ಮೇಲೆ ಬರುತ್ತಿದ್ದರು, ಅವನು ಮೊಪೆಡ್ ಮೇಲೆ ಬರುತ್ತಾನೆ. ಭದ್ರಾವತಿಯ ನ್ಯೂ ಟೌನ್ ದಾಟಿದ ಮೇಲೆ ಎರಡು ಕೋಣೆಯ ಮನೆ, ಹೆಂಡತಿ ಯಲ್ಲಮ್ಮ, ಅರವತ್ತೇಳು ವಯಸ್ಸು. ಹೊಳೆಹೊನ್ನೂರಿನಿಂದ ಆಯನೂರಿನವರೆಗೆ ನಲವತ್ತೊಂದು ಮನೆಗಳ ವಂಶದ ಬಳ್ಳಿ ಅವನ ನಾಲಿಗೆಯ ಮೇಲಿತ್ತು.

ಆ ನಲವತ್ತೊಂದೂ ಬಿಳಿಕಲ್ಲು ಕೋಟೆಯ ಅಡಿಯಿಂದ ಚೆದುರಿದ ಮನೆಗಳು. ಕೋಟೆ ಅಂತ ಈಗ ಗುಡ್ಡದ ಮೇಲೆ ಉಳಿದಿರುವುದು ಒಂದು ಬಾಗಿಲು, ಅರ್ಧ ಬುರುಜು, ಅರಮನೆಯ ತಳಪಾಯ. ಐನೂರು ವರ್ಷದ ಹಿಂದೆ ಅಲ್ಲಿ ಏನಿತ್ತು ಅನ್ನುವುದು ಚೌಡಪ್ಪ ಬಾಯಿ ತೆರೆದರೆ ಗೊತ್ತಾಗಬೇಕು. ಬೊಮ್ಮನಾಯಕ ಅನ್ನುವವನು ದನ ಕದಿಯುವವರ ಕಾಟ ತಾಳಲಾರದೆ ಬಿಳಿಕಲ್ಲಿನ ದೊಡ್ಡಿ ಕಟ್ಟಿದನಂತೆ. ದೊಡ್ಡಿ ಗಟ್ಟಿಯಾಗಿದೆ ಎಂದು ಅಕ್ಕಪಕ್ಕದವರು ತಮ್ಮ ದನ ತಂದು ಕೂಡಿಹಾಕಿದರು. ಆಮೇಲೆ ಭತ್ತ ತಂದರು, ಕೊನೆಗೆ ಹೆಂಡಿರು ಮಕ್ಕಳನ್ನೂ ತಂದರು. ಹಾಗೆ ದೊಡ್ಡಿ ಕೋಟೆಯಾಯಿತು, ಬೊಮ್ಮ ಅರಸನಾದ. ಮೊಮ್ಮಗ ಕೆಂಚನಾಯಕ ಅರಮನೆ ಎಬ್ಬಿಸಿದ, ತಮ್ಮನನ್ನು ಮಾತ್ರ ಅದರೊಳಗೆ ಬಿಟ್ಟುಕೊಳ್ಳಲಿಲ್ಲ. ಆ ಮುನಿಸು ಮೂರು ತಲೆಮಾರು ಬೆಳೆದು, ತಮ್ಮನ ಕಡೆಯವರೇ ಹೊರಗಿನ ದಂಡು ಕರೆತಂದರು. ಆರನೆಯ ಅರಸನ ಹೆಂಡತಿ ಗೌರಾಜಿ ಹನ್ನೊಂದು ತಿಂಗಳು ಹುರುಳಿ ಬೇಯಿಸಿ ಹಾಕಿ ಕೋಟೆ ಕಾದಳು. ಅವಳ ಮಗ ಮರುಳಪ್ಪ ನಾಯಕ ಏಳನೆಯವನು. ಮಾಡು ಬಿದ್ದ ಅರಮನೆಯಲ್ಲಿ ಇದ್ದಷ್ಟು ದಿನ ಇದ್ದ. ಮಕ್ಕಳಿಲ್ಲ. ಅಲ್ಲಿಗೆ ಬಳ್ಳಿ ನಿಂತಿತು.

ಯಾರ ಮನೆಗೆ ಹೋದರೂ ಮೊದಲು ಅರಸರ ಬಳ್ಳಿ ಹಾಡಬೇಕು, ಅದು ನೆಲದ ಮರ್ಯಾದೆ. ಹಾಡಿ ನಿಲ್ಲಿಸಬೇಕು. ಆ ಮನೆಯ ಚೊಂಬಿನಿಂದ ಒಂದು ಗುಟುಕು ನೀರು ಕುಡಿಯಬೇಕು. ಆಮೇಲೆ ಮನೆಯವರ ಬಳ್ಳಿ ಹಿಡಿಯಬೇಕು. ಎರಡಕ್ಕೂ ಧಾಟಿ ಒಂದೇ ಆದ್ದರಿಂದ, ಒಂದು ಇನ್ನೊಂದಕ್ಕೆ ಹರಿದುಹೋಗದಂತೆ ಹಿರಿಯರು ನೀರಿನ ಅಡ್ಡಗಟ್ಟೆ ಹಾಕಿದ್ದರು.

ಮೂವತ್ತಮೂರು ವರ್ಷದ ಹಿಂದೆ ಶಿವಮೊಗ್ಗದ ಅಡಿಕೆ ವ್ಯಾಪಾರಿ ಷಡಕ್ಷರಪ್ಪನ ಮದುವೆ. ಮನೆ ತುಂಬ ಜನ, ಓಲಗ, ಗಲಾಟೆ. ಚೌಡಪ್ಪ ಅರಸರ ಬಳ್ಳಿ ಹಾಡಿ ಮರುಳಪ್ಪ ನಾಯಕನ ತನಕ ಬಂದ. ನೀರಿನ ಚೊಂಬು ಬರಲಿಲ್ಲ. ಷಡಕ್ಷರಪ್ಪನ ಮನೆಯ ಬಳ್ಳಿಯಲ್ಲೂ ಏಳನೆಯವನು ಒಬ್ಬ ಮರುಳಪ್ಪನೇ. ನಾಲಿಗೆ ನಿಲ್ಲದೆ ಜಾರಿತು. ಆ ಮರುಳಪ್ಪನಿಂದ ಈ ಮರುಳಪ್ಪನ ಮಗನಿಗೆ, ಅವನ ಮಗನಿಗೆ, ಹಾಗೇ ಇಳಿದು ಮದುಮಗನ ಹೆಸರಿಗೆ ಬಂದು ನಿಂತ. ಓಲಗದವರೂ ಸುಮ್ಮನಾದರು. ಮದುಮಗನ ತಂದೆ ಕಣ್ಣೊರೆಸಿಕೊಂಡು, ಹೆಗಲ ಮೇಲಿನ ಶಾಲು ತೆಗೆದು ಚೌಡಪ್ಪನಿಗೆ ಹೊದಿಸಿ, "ನಾವು ಅರಸರು ಅಂತ ಇಷ್ಟು ದಿನ ಯಾಕೋ ಹೇಳ್ಲಿಲ್ಲ?" ಅಂದರು.

ಚೌಡಪ್ಪ ಆಗ ಹೇಳಬಹುದಿತ್ತು. ಹೇಳಲಿಲ್ಲ. ಮೂರು ವರ್ಷದ ನಂತರ ಬಂದಾಗ ಮತ್ತೆ ಹಾಗೇ ಹಾಡಬೇಕಾಯಿತು. ಅದಾದ ಮೇಲೂ ಹಾಗೇ.

ಕಳೆದ ವರ್ಷ ಷಡಕ್ಷರಪ್ಪನ ಮಗಳು ಸ್ಫೂರ್ತಿ ಸ್ಕೂಟಿಯಲ್ಲಿ ಭದ್ರಾವತಿಗೆ ಬಂದಳು. ಕೋಟೆ ಉಳಿಸಲು ಒಂದು ಸಮಿತಿಯಾಗಿದೆ, ಅಪ್ಪನೇ ಅಧ್ಯಕ್ಷ, ಕೋಟೆ ಬಾಗಿಲಲ್ಲಿ ಅರಸರ ವಂಶಾವಳಿಯ ಕಲ್ಲು ನಿಲ್ಲಿಸುತ್ತಾರೆ ಅಂದಳು.

"ಅಜ್ಜ, ನಿಮ್ ಬುಕ್ಕಿಂದು ಫೋಟೋ ತಗೊಂಡ್ ಹೋಗ್ತೀನಿ. ಬೊಮ್ಮನಾಯಕನಿಂದ ನಮ್ಮಪ್ಪನ ತನಕ ಇಪ್ಪತ್ತು ಹೆಸರು ತಾನೆ? ಕಲ್ಲು ಕೆತ್ತೋರು ಕಾಯ್ತಿದಾರೆ."

"ಭಾನುವಾರ ಬುಕ್ಕು ನಾನೇ ತರ್ತೀನಿ ತಾಯಿ," ಅಂದ ಚೌಡಪ್ಪ.

ಅವಳು ಹೋದ ಮೇಲೆ ಯಲ್ಲಮ್ಮನಿಗೆ ಎಲ್ಲ ಹೇಳಿದ. ಅವಳು ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ಬುಕ್ಕು ಮಳೇಲಿ ನೆಂದೋಯ್ತು ಅನ್ನು, ಮುಗೀತು."

"ಹಾಡಿದ್ದನ್ನ ಮುಂದಿನ ಸಲ ತಿದ್ಬೋದು ಅಂತ ಇಷ್ಟು ವರ್ಷ ತಳ್ಳಿದೆ ಕಣೆ. ಕಲ್ಲಿಗೆ ಹೊಡೆದ ಮೇಲೆ?"

"ಅವ್ರಿಗೆ ತಪ್ಪು ಹೇಳ್ದೋನು ನಮಗೆ ಸರಿ ಹೇಳಿದಾನಾ ಅಂತ ಮಿಕ್ಕ ನಲವತ್ತು ಮನೆಯೋರು ಕೇಳ್ತಾರೆ. ಏನ್ ಹೇಳ್ತೀಯ? ಈ ವಯಸ್ಸಲ್ಲಿ ಫ್ಯಾಕ್ಟ್ರಿ ಗೇಟಲ್ಲಿ ಬೀಡಿ ಮಾರ್ತೀಯಾ ಮಾರಾಯ?"

ಅವಳು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಹೆಳವನ ಬಂಡವಾಳ ಅಂದರೆ ಅವನ ಮಾತನ್ನು ಯಾರೂ ತಿರುಗಿಸಿ ಕೇಳುವುದಿಲ್ಲ ಅನ್ನುವುದೊಂದೇ. ಅದು ಹೋದರೆ ಎಲ್ಲ ಹೋಯಿತು.

ತಪ್ಪು ಹಾಡಿದ್ದನ್ನು ಹಾಡಿದ ಹೊಸ್ತಿಲಲ್ಲೇ, ಮೊದಲಿನಿಂದ ಹಾಡಿ ತಿದ್ದಬೇಕು. ಭಾನುವಾರ ಬೆಳಗ್ಗೆ ಚೌಡಪ್ಪ ಶಿವಮೊಗ್ಗದ ದುರ್ಗಿಗುಡಿಯ ಆ ಮನೆಯ ಮುಂದೆ ನಿಂತ.

ಷಡಕ್ಷರಪ್ಪ ಪೇಪರ್ ಹಿಡಿದುಕೊಂಡೇ ಹೊರಗೆ ಬಂದ. "ಬುಕ್ ತಂದ್ಯಾ ಚೌಡಪ್ಪ? ಒಳಗ್ ಬಾ, ಕಾಫಿ ಕುಡಿ."

"ಇಲ್ಲೇ ನಿಂತ್ ಹಾಡ್ಬೇಕು ಯಜಮಾನ್ರೆ. ಒಂದ್ ಚೊಂಬು ನೀರು ತರಿಸಿ."

ಬೊಮ್ಮನಾಯಕನಿಂದ ಹಿಡಿದು ಹಾಡಿದ. ಮರುಳಪ್ಪ ನಾಯಕನಿಗೆ ಮಕ್ಕಳಿಲ್ಲ, ಅರಮನೆಯ ಬಳ್ಳಿ ಇಲ್ಲಿ ನಿಂತಿತು ಎಂದು ನಿಲ್ಲಿಸಿದ. ನೀರು ಕುಡಿದ. ಮತ್ತೆ ಎತ್ತಿಕೊಂಡಾಗ ಬೇರೆಯೇ ಹೆಸರು ಬಂತು: ಎತ್ತಿನ ಮೇಲೆ ಉಪ್ಪು ಹೇರಿಕೊಂಡು ಬಂದು, ಕೋಟೆ ಬಾಗಿಲ ಹೊರಗೆ ಅಂಗಡಿ ಇಟ್ಟ ಗಂಗಪ್ಪ. ಅಲ್ಲಿಂದ ಒಬ್ಬೊಬ್ಬರಾಗಿ ಇಳಿದು ಷಡಕ್ಷರಪ್ಪನವರೆಗೆ ಬಂದ.

"ಏನಿದು?" ಅಂದ ಷಡಕ್ಷರಪ್ಪ. "ನಮ್ಮಪ್ಪನ ಮುಂದೆ ಹೇಳಿದ್ದು ಬೇರೆ."

"ಆವತ್ತು ನಾನು ನಿಲ್ಬೇಕಾದ ಕಡೆ ನಿಲ್ಲಲಿಲ್ಲ."

"ಆವತ್ತಿಂದು ಹೋಗ್ಲಿ. ಆಮೇಲೂ ಬಂದು ಬಂದು ಹಾಡಿದ್ಯಲ್ಲ?"

"ಮೊದಲನೇದು ತಪ್ಪು ಯಜಮಾನ್ರೆ. ಆಮೇಲಿಂದು ಸುಳ್ಳು."

"ಇಡೀ ಮಂಡಿಗೆ ಹೇಳ್ಕೊಂಡ್ ತಿರುಗಿದೀನಲ್ಲೋ! ಇನ್ವಿಟೇಶನ್ ಪ್ರಿಂಟಾಗಿದೆ! ಈಗ ಹೋಗಿ ನಾವು ಉಪ್ಪು ಮಾರೋರು ಅನ್ಲಾ?"

ಜಗಲಿಯ ಕುರ್ಚಿಯಿಂದ ಅವನ ತಾಯಿ ವೀರಮ್ಮ, ಎಂಬತ್ತೆರಡು ವಯಸ್ಸಿನಾಕೆ, ಬಾಯಿ ಹಾಕಿದಳು. "ಅಡಿಕೆ ಮಾರೋನಿಗೆ ಉಪ್ಪು ಮಾರೋನ್ನ ಕಂಡ್ರೆ ನಾಚಿಕೆಯೇನೋ? ನಿನ್ನ ಮದುವೆ ಆದ ಮಾರನೇ ದಿನದಿಂದ ನಿಮ್ಮಪ್ಪ ಒಂದು ಕೊಡಪಾನ ಎತ್ತಿಡ್ಲಿಲ್ಲ, ಅರಸನ ಮಗ ಅಂತ. ಎಲ್ಲ ನಾನೇ ಎತ್ತಿದೆ." ಆಮೇಲೆ ಚೌಡಪ್ಪನ ಕಡೆ ತಿರುಗಿದಳು. "ನೀನು ಇದನ್ನ ಅವ್ರು ಬದುಕಿದ್ದಾಗ್ಲೇ ಹೇಳ್ಬಾರ್ದಿತ್ತೇನೋ ಪುಣ್ಯಾತ್ಮ?"

ಸ್ಫೂರ್ತಿಗೆ ನಗು ಬಂತು. ಷಡಕ್ಷರಪ್ಪನಿಗೆ ಬರಲಿಲ್ಲ. "ಇನ್ಮೇಲೆ ಈ ಮನೆ ಕಡೆ ಬರ್ಬೇಡ," ಅಂದು ಒಳಗೆ ಹೋದ. ಮನೆಯವರು ಒಪ್ಪದ ಹಾಡಿಗೆ ಹೆಳವ ಕಾಳು ಮುಟ್ಟುವುದಿಲ್ಲ. ಚೌಡಪ್ಪ ಪುಸ್ತಕ ಚೀಲಕ್ಕೆ ಹಾಕಿ ಮೊಪೆಡ್ ಹತ್ತಿದ.

ಕಲ್ಲು ನಿಂತಿತು. ಏಳು ಅರಸರ ಹೆಸರಷ್ಟೇ ಇವೆ. ಇಪ್ಪತ್ತು ಹೆಸರಿಗೆಂದು ತಂದ ಕಲ್ಲಾದ್ದರಿಂದ ಕೆಳಗೆ ತುಂಬ ಜಾಗ ಉಳಿಯಿತು. ಅಲ್ಲಿ ಸಮಿತಿಯವರ ಹೆಸರು ಕೆತ್ತಿಸಿದರು. ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಅಧ್ಯಕ್ಷರ ಹೆಸರಿದೆ.

ಸುದ್ದಿ ಚೌಡಪ್ಪನಿಗಿಂತ ಮೊದಲೇ ಊರೂರು ತಲುಪಿತ್ತು. ಈ ವರ್ಷದ ಸುತ್ತಿನಲ್ಲಿ ಒಂಬತ್ತು ಮನೆಯವರು ಬಾಗಿಲು ತೆರೆಯಲಿಲ್ಲ. ಉಳಿದವರು ತೆರೆದರು, ಆದರೆ ಹಾಡಲು ಬಿಡಲಿಲ್ಲ. ಆಯನೂರಿನ ಓಂಕಾರಪ್ಪ ಅಂಗಳಕ್ಕೆ ಪ್ಲಾಸ್ಟಿಕ್ ಕುರ್ಚಿ ತಂದಿಟ್ಟು, "ಬಾಯಲ್ಲಿ ಬೇಡಪ್ಪ, ಬುಕ್ ನೋಡ್ಕೊಂಡ್ ಹೇಳು," ಅಂದ.

ನಲವತ್ತು ವರ್ಷ ನಿಂತು ಹಾಡಿದವನು ಕುಳಿತು, ಕನ್ನಡಕ ಹಾಕಿಕೊಂಡು, ಅಕ್ಷರದ ಮೇಲೆ ಬೆರಳಿಟ್ಟು ಓದಿದ. ಧಾಟಿ ಬರಲಿಲ್ಲ, ಉಸಿರು ಎಲ್ಲೆಲ್ಲೋ ಕಡಿಯಿತು. ಓಂಕಾರಪ್ಪ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕುಳಿತು ಬೆರಳನ್ನೇ ನೋಡುತ್ತಿದ್ದ. ಇಪ್ಪತ್ತು ನಿಮಿಷದ ಕೆಲಸ ಒಂದೂವರೆ ಗಂಟೆ ಹಿಡಿಯಿತು.

ಒಂದು ಕಡೆ ಓಂಕಾರಪ್ಪ ತಡೆದ. "ತಡಿ. ಇದ್ಯಾರು ಈ ಹಾಲಮ್ಮ? ಗಂಡ ಸತ್ತ ಮೇಲೆ ಇಲ್ಲಿಗ್ ಬಂದು ಜಮೀನ್ ಮಾಡ್ದೋಳು ಅಂತಿದೆ. ಈ ಹೆಸರು ನಾನು ಕೇಳೇ ಇಲ್ವಲ್ಲ?"

"ಪ್ರತಿ ಸಲ ಹಾಡಿದೀನಿ ಯಜಮಾನ್ರೆ. ಧಾಟೀಲಿ ಬೇಗ ಹೋಗ್ಬಿಡ್ತಿತ್ತು."

ಓಂಕಾರಪ್ಪ ಒಳಗಿದ್ದ ಹೆಂಡತಿಯನ್ನು ಕೂಗಿ ಕರೆದ. "ಇನ್ನೊಂದ್ಸಲ ಓದು," ಅಂದ.

ಚೌಡಪ್ಪ ಬೆರಳನ್ನು ಒಂದು ಸಾಲು ಮೇಲಕ್ಕೆ ತಂದ.